ಮಗ್ಗುಲಲ್ಲೇ ಇರುವ ಚಿಂಚೋಳಿ

ರಜೆ ಬಂದೊಡನೆ ಹೈದರಾಬಾದಿನ ಕನ್ನಡಿಗರು ಊಟಿ, ಕೊಡೈಕೆನಾಲುಗಳತ್ತ ಮುಖ ಮಾಡುತ್ತಾರೆ. ತಾಂಡೂರು ದಾಟಿದರೆ ಸಿಗುವ ಚಿಂಚೋಳಿ ಹಲವರಿಗೆ ಬಂಧುಗಳ ಮದುವೆಗೆ ಹೋಗಿಬರುವ ಊರು ಮಾತ್ರ. 1956ರಲ್ಲಿ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದು, ಚಿಂಚೋಳಿ ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಅದು ದೂರದೂರಾಯಿತೇನೋ!

ಬಿಸಿಲ ನಾಡೆಂದು ಹೀಗಳೆಯುವವರು ಮಳೆಗಾಲ ಮುಗಿದೊಡನೆ ಅಲ್ಲಿಗೆ ಹೋಗಬೇಕು. ಹಸುರು ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ; ಸಮೀಪದಲ್ಲೇ ಎತ್ತಿಪೋತ ಜಲಪಾತ, ಬೇಸಗೆಯಲ್ಲಿ ಬರಿಯ ಬಂಡೆ. ತೋಳ, ಕತ್ತೆಕಿರುಬ, ನರಿಗಳಿಗೆ ಆಶ್ರಯವಾದ ಈ ಕಾಡು 2011ರಲ್ಲಿ ವನ್ಯಜೀವಿಧಾಮವೆನಿಸಿತು.

ಹಗಲೆಲ್ಲ ಕುರ್ಚಿಗಂಟಿಕೊಂಡು ದುಡಿಯುವವರೂ ಸೇರಿದಂತೆ ವಯಸ್ಕರೆಲ್ಲರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಒಂದು ದಿನದ ಪ್ರವಾಸದಿಂದ ರಕ್ತದೊತ್ತಡ ಇಳಿಯದು, ನಿಜ. ಆದರೆ ಕನ್ನಡವನ್ನು ಮನೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಕೇಳುವ ಮಕ್ಕಳು ಅಲ್ಲಿ ಅದನ್ನು ದನಗಾಹಿಯ ಬಾಯಲ್ಲಿ, ಸಂತೆಯಲ್ಲಿ ಕೇಳುತ್ತಾರೆ. ಸಂಘದ ವಾರ್ಷಿಕ ಪ್ರವಾಸಕ್ಕೆ ಇದಕ್ಕಿಂತ ಯೋಗ್ಯ ಸ್ಥಳವುಂಟೆ? ಧ್ವನಿವರ್ಧಕ, ಪ್ಲಾಸ್ಟಿಕ್ ತಟ್ಟೆಗಳನ್ನು ಮನೆಯಲ್ಲೇ ಬಿಟ್ಟು, ಕುಡಿಯುವ ನೀರನ್ನು ಮಾತ್ರ ಮರೆಯದೆ ಒಯ್ಯಬೇಕು. ಜಲಾಶಯಕ್ಕಿಳಿದು ಈಜುವ ಸಾಹಸ ಸಲ್ಲದು. ನಸುಕಿನಲ್ಲಿ ಹೊರಟರೆ ರಾತ್ರಿಯ ಊಟಕ್ಕೆ ಮನೆ ಸೇರಬಹುದು.