ಕಲಿತರೆ ಧೈರ್ಯ, ಕುಣಿದರೆ ಅನುಮಾನ

ಕೆ.ಆರ್. ಮಾರ್ಕೆಟ್ ಹತ್ತಿರದ ಮಾಮೂಲ್‌ಪೇಟೆಯಲ್ಲಿ ಜರಿ ಲೇಸು ಕೊಳ್ಳುತ್ತಿದ್ದೆ. ‘ಕಾಲೇಜ್ ಡೇಗಾ ಮೇಡಂ?’ ಎಂದರು ಅಂಗಡಿಯವರು. ‘ಹೂಂ’ ಎಂದುಬಿಟ್ಟೆ. ಬರ್ಲೆಸ್ಕ್ ಡಾನ್ಸಿಗೆ ಎನ್ನಲು ನಾಲಿಗೆ ಏಳಲಿಲ್ಲ.

ಬಿಇ ಓದುತ್ತಿರುವ ನನಗೆ ಪ್ಲೇಸ್‌ಮೆಂಟ್ ಸಂದರ್ಶನ ಎಂದರೆ ಕೈ ನಡುಕ. ಧೈರ್ಯ ಬರಲೆಂದೇ ಈ ಕ್ಲಾಸಿಗೆ ಸೇರಿದೆ. ಮೊದಲ ಪಾಠ ಬರೀ ನಡಿಗೆ: ತಲೆ ಎತ್ತಿ, ಎದುರಿಗಿದ್ದವರ ಕಣ್ಣು ನೋಡುತ್ತ, ಅವಸರವಿಲ್ಲದೆ. ಬರ್ಲೆಸ್ಕ್ ಮೂಲದಲ್ಲಿ ಅಣಕು ನಾಟಕ. 1868ರಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ತಂಡ ನ್ಯೂಯಾರ್ಕಿಗೆ ಹೋದಾಗ, ಗಂಡು ಪಾತ್ರ ಹಾಕಿದ ಹೆಂಗಸರು ಗೇಲಿ ಮಾಡಿ ನಗಿಸುತ್ತಿದ್ದರು. ಬಟ್ಟೆ ಕಳಚುವುದು ಮುಖ್ಯವಾದದ್ದು ಆಮೇಲೆ.

ಇಂಥದೇ ಕುಣಿತ ಹೊಟ್ಟೆಪಾಡಾದವರ ಕಥೆ ಬೇರೆ. ಬೆಂಗಳೂರಿನ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಎನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಂಕಿ ಅಪಾಯ, ಅಕ್ಕಪಕ್ಕದವರ ನಿದ್ದೆ ಎಲ್ಲ ನೋಡಬೇಕು, ಒಪ್ಪುತ್ತೇನೆ. ಆದರೆ ಲೈಸೆನ್ಸ್ ಸಿಗದೆ ಬಾಗಿಲು ಮುಚ್ಚಿದರೆ ಮಾಲೀಕ ಬೇರೆ ವ್ಯಾಪಾರ ನೋಡಿಕೊಂಡಾನು, ಕುಣಿಯುವವಳು ಎಲ್ಲಿಗೆ ಹೋಗಬೇಕು? ನಾನು ಫೀಸು ಕೊಟ್ಟು ಕಲಿತರೆ ಅದು ‘ಕಾನ್ಫಿಡೆನ್ಸ್’. ಅವಳು ಸಂಬಳ ಪಡೆದು ಕುಣಿದರೆ ಅನುಮಾನ. ಅಂಗಡಿಯಲ್ಲಿ ನಾನು ಸುಳ್ಳು ಹೇಳಿದ್ದೂ ಆ ಅನುಮಾನ ನನ್ನ ಮೇಲೆ ಬೀಳದಿರಲಿ ಎಂದೇ.

ಇನ್ನೂ ಎರಡು ಮೀಟರ್ ಲೇಸು ಬೇಕು. ಅದೇ ಅಂಗಡಿಗೆ ಹೋಗುತ್ತೇನೆ.