ಸರಪಳಿ ಕಲಿಸುವ ಪಾಠ

ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆನಿಸಿದ್ದ ಪುಣೆ ಇಂದು ಮೋಟಾರು ಸೈಕಲ್ಲುಗಳ ನಗರವಾಗಿದೆ. ಸಮೀಪದ ಚಾಕಣದಲ್ಲಿಯೇ ಅವು ತಯಾರಾಗುತ್ತವೆ. ಆದರೂ ಸವೆದ ಸರಪಳಿಯನ್ನು ಮನೆಯಲ್ಲಿಯೇ ಬದಲಿಸಬಲ್ಲವರು ವಿರಳ. ಅದು ಓದಿದವರ ಕೆಲಸವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ತೊಲಗಬೇಕು.

ಸರಪಳಿ ಹಿಗ್ಗಿತೆನ್ನುವುದು ವಾಡಿಕೆ. ವಾಸ್ತವದಲ್ಲಿ ಹಿಗ್ಗುವುದು ಉಕ್ಕಲ್ಲ. ಧೂಳು ಕೆಸರುಗಳಿಂದ ಕೊಂಡಿಗಳೊಳಗಿನ ಪಿನ್ನುಗಳು ಸವೆದು ಒಂದೊಂದು ಕೀಲೂ ಕೂದಲೆಳೆಯಷ್ಟು ಸಡಿಲಾಗುತ್ತದೆ. ಚಿಕ್ಕ ವಾಹನಗಳಲ್ಲಿ ಸಾಮಾನ್ಯವಾದ 428 ಎಂಬ ಸರಪಳಿಯ 20 ಕೊಂಡಿಗಳು ಹೊಸದರಲ್ಲಿ 254 ಮಿಲಿಮೀಟರು ಉದ್ದವಿರುತ್ತವೆ. ಬಿಗಿಹಿಡಿದು ಅಳೆದರೆ ಸವೆತ ತಾನಾಗಿ ತಿಳಿಯುತ್ತದೆ. ಉಪೇಕ್ಷಿಸಿದ ಸರಪಳಿ ಓಡುವಾಗ ಕಳಚಿ ಸಿಕ್ಕಿಕೊಂಡರೆ ಚಕ್ರವೇ ನಿಂತು ಸವಾರನ ಪ್ರಾಣಕ್ಕೆ ಎರವಾದೀತು.

ವಿದ್ಯಾರ್ಥಿಗಳೇ, ಹಿರಿಯರೊಡನೆ ಕುಳಿತು ಈ ಕೆಲಸ ಕಲಿಯಿರಿ. ಎಂಜಿನ್ನನ್ನು ನಿಲ್ಲಿಸಿಯೇ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಹಳೆಯ ಹಲ್ಲುಚಕ್ರಗಳು ಹೊಸ ಸರಪಳಿಯನ್ನು ಬೇಗನೆ ಸವೆಸುವುದರಿಂದ ಅವನ್ನೂ ಕೂಡಿಯೇ ಬದಲಿಸುವುದು ಲೇಸು. ಚೈನ್ ಲಾಕಿನ ಮುಚ್ಚಿದ ತುದಿ ಸರಪಳಿ ಸಾಗುವ ದಿಕ್ಕಿಗಿರಬೇಕು.

ಘರ್ಷಣೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವನು ಅದರ ಪರಿಣಾಮವನ್ನು ಬೆರಳಿನಿಂದ ಮುಟ್ಟಿ ಅರಿಯಬೇಡವೆ? ಕೈಗಂಟಿದ ಮಸಿ ಸೋಪಿಗೆ ಹೋದೀತು. ಕೈಗೆ ಬಂದ ವಿದ್ಯೆ ಹೋಗದು.