ದಾರಿ ಕಥೆ – ಭಾಗ 4: ಎಲ್ಲಾ ತಿರುವೂ ಸ್ಪಾಟ್ ಅಲ್ಲ

ಹೋದ ಭಾಗಕ್ಕೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಆಗುಂಬೆ ಘಾಟಿಯ ಆ ಮಂಜಿನ ಫೋಟೋ ಎಷ್ಟನೇ ತಿರುವಿನದ್ದು? ಲೊಕೇಶನ್ ಕಳಿಸು." ಕಳಿಸಲ್ಲ. ಸಿಟ್ಟಾಗ್ಬೇಡಿ, ಕಾರಣ ಹೇಳ್ತೀನಿ.

ಚಿತ್ರದುರ್ಗದಿಂದ ಬೆಳಗಿನ ಜಾವ ಐದಕ್ಕೆ ಬಿಟ್ವಿ. ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಅಲ್ಲಿಂದ ಇಳಿದು ಉಡುಪಿ, ಕೊನೆಗೆ ಮರವಂತೆ. ತೀರ್ಥಹಳ್ಳಿ ಬರೋವರೆಗೂ ಕಾರಲ್ಲಿ ಎಲ್ರೂ ನಿದ್ದೆ. ಮಳೆ ಶುರುವಾಯ್ತು ನೋಡಿ, ಐದೂ ಜನಕ್ಕೆ ಒಟ್ಟಿಗೆ ಎಚ್ಚರ. ಆಮೇಲೆ ಹಳ್ಳ ಕಂಡ್ರೆ ನಿಲ್ಸು, ಸೇತುವೆ ಕಂಡ್ರೆ ನಿಲ್ಸು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮ ಹಿರಿಯೂರಿಗೆ 600 ಮಿ.ಮೀ. ಆದ್ರೆ ಅದೇ ಒಳ್ಳೇ ವರ್ಷ. ಬಯಲುಸೀಮೆ ಮಕ್ಕಳು ಹರಿಯೋ ನೀರು ಕಂಡು ಗಾಡಿ ನಿಲ್ಸೋದ್ರಲ್ಲಿ ತಪ್ಪೇನಿದೆ ಅಂತ ನಾನೂ ಅಂದ್ಕೊಂಡಿದ್ದೆ.

ಘಾಟಿಯಲ್ಲಿ 14 ತಿರುವು. ರಸ್ತೆ ಎಷ್ಟು ಕಿರಿದು ಅಂದ್ರೆ ದೊಡ್ಡ ಲಾರಿಗಳನ್ನ ಬಿಡೋದೇ ಇಲ್ಲ. ಅಂಥಾ ಕಡೆ, ಹತ್ತಡಿ ಮುಂದೆ ಕಾಣದ ಮಂಜಲ್ಲಿ, ತಿರುವಿನ ಮೂಲೆಗೆ ಕಾರ್ ನಿಲ್ಲಿಸಿ ನಾವು ಐದೂ ಜನ ರಸ್ತೆಗಿಳಿದಿದ್ವಿ. ಆ ಫೋಟೋ ತೆಗೆದ ಮೇಲೆ ಅರ್ಧ ನಿಮಿಷ ಆಗಿರಬಹುದು. ಕೆಳಗಿಂದ ಒಂದು ಮಿನಿ ಬಸ್ ಬಂತು. ಹಾರ್ನ್ ಕೇಳಿಸ್ತು, ಲೈಟ್ ಕಾಣ್ಲಿಲ್ಲ. ಬ್ರೇಕ್ ಹಾಕಿದ ಬಸ್ಸು ಒದ್ದೆ ರಸ್ತೆಯಲ್ಲಿ ಜಾರಿ, ನಮ್ಮ ಕಾರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಬಸ್ಸಿನ ತುಂಬ ಯೂನಿಫಾರ್ಮ್ ಹಾಕಿದ ಮಕ್ಕಳು.

ಡ್ರೈವರ್ ಬೈಯ್ಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಎಂಥ ಮಾರಾಯ್ರೆ, ಇದು ನಿಲ್ಲುವ ಜಾಗವಾ? ನಮಗೆ ದಿನಾ ಇದೇ ದಾರಿ" ಅಂದ್ರು. ಅಷ್ಟೇ. ಉಡುಪಿಯವರೆಗೂ ಕಾರಲ್ಲಿ ಯಾರೂ ಮಾತಾಡ್ಲಿಲ್ಲ. (ಆ ಫೋಟೋಗೇ ಅತಿ ಹೆಚ್ಚು ಲೈಕ್ ಬಂದಿದ್ದು. ಏನು ಹೇಳೋದು.)

ನಮಗೆ ಅದು ಸ್ಪಾಟ್, ಅವರಿಗೆ ಸ್ಕೂಲಿಗೆ, ಆಸ್ಪತ್ರೆಗೆ ಹೋಗೋ ದಾರಿ. ಇದು ನಮಗೆ ಗೊತ್ತಿರಬೇಕಾಗಿತ್ತು. ಯಾಕಂದ್ರೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆಗ ನಾವೇ ಏನಂದಿದ್ವಿ? 89 ವರ್ಷ ಕಾದ ನೀರು. ನಮ್ಮಜ್ಜಿ ಜೀವಮಾನದಲ್ಲಿ ಮೊದಲ ಸಲ ಕೋಡಿ ನೋಡಿದ್ದು. ಆ ದಾರಿಯಲ್ಲಿ ಹೊರಗಿನೋರು ಅಡ್ಡಾದಿಡ್ಡಿ ಕಾರ್ ನಿಲ್ಲಿಸಿ ಸೆಲ್ಫಿ ತೆಗೀತಾರೆ, ಬಾಟಲಿ ಬಿಸಾಕ್ತಾರೆ ಅಂತ ನಮ್ಮ ಕ್ಲಾಸ್ ಗ್ರೂಪಲ್ಲಿ ಬೈದಿದ್ದೇ ಬೈದಿದ್ದು. ಘಾಟಿ ಇಳಿದಾಗ ಆ ಹೊರಗಿನೋರು ನಾವೇ.

ಇನ್ನೊಂದು ತಪ್ಪೂ ಒಪ್ಕೊಂಡ್ಬಿಡ್ತೀನಿ. ಘಾಟಿಯ ಕೆಳಭಾಗ ಸೋಮೇಶ್ವರ ಅಭಯಾರಣ್ಯ. ಅಲ್ಲಿ ಸಿಂಗಳೀಕಗಳು ರಸ್ತೆ ಪಕ್ಕಕ್ಕೇ ಬಂದು ಕೂರ್ತವೆ. ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಮರದಿಂದ ಮರಕ್ಕೆ ಹೋಗೋದು ಬಿಟ್ಟು ಅವು ರಸ್ತೆಗೆ ಯಾಕೆ ಇಳೀತವೆ? ನಮ್ಮಂಥೋರು ಕಿಟಕಿ ಇಳಿಸಿ ತಿಂಡಿ ಕೊಡೋದ್ರಿಂದ. ನಾವು ಕೊಟ್ಟಿದ್ದು ದುರ್ಗದ ಖಾರ ಮಂಡಕ್ಕಿ. ಹಿಂದೆ ಬರೋ ಗಾಡಿ ಅದಕ್ಕೆ ಬ್ರೇಕ್ ಹಾಕುತ್ತೋ ಇಲ್ವೋ ಅನ್ನೋ ಯೋಚನೆ ಆಗ ಯಾರಿಗೂ ಬರ್ಲಿಲ್ಲ.

ಹಾಗಂತ ಎಲ್ಲೂ ನಿಲ್ಬೇಡಿ ಅಂತಲ್ಲ. ಆಗುಂಬೆಯ ಸೂರ್ಯಾಸ್ತ ನೋಡೋ ಜಾಗದಲ್ಲಿ ನಿಲ್ಲಿ, ಅದಿರೋದೇ ಅದಕ್ಕೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಅಲ್ಲೂ ನಿಲ್ಲಲೇಬೇಕು. ಆದ್ರೆ ಗಾಡಿ ಪೂರ್ತಿ ರಸ್ತೆಯಿಂದ ಕೆಳಗಿಳಿಸಿ, ಆಮೇಲೆ ಡೋರ್ ತೆಗೀರಿ. ನಾವು ಅಲ್ಲಿ ಎರಡು ಗಂಟೆ ಸುಮ್ನೆ ಕೂತಿದ್ವಿ, ಇಡೀ ಟ್ರಿಪ್ಪಲ್ಲಿ ನೆನಪಲ್ಲಿ ಉಳಿದಿದ್ದು ಅದೇ. "ಉಡುಪಿ ದಾರಿಯ 15 ಸ್ಪಾಟ್" ಅನ್ನೋ ರೀಲ್ ನೋಡ್ಕೊಂಡು ಹೊರಟ್ರೆ ಒಂದೊಂದು ಕಡೆ ಹತ್ತು ನಿಮಿಷ ಸಿಕ್ಕಿದ್ರೆ ಹೆಚ್ಚು. ಅದು ನೋಡೋದಲ್ಲ, ಹಾಜರಿ ಹಾಕೋದು.

ಇದೇ ಕೆಲಸವನ್ನ ನಮ್ಮೂರಿಗೆ ಹೈವೇ 48ರೋರು ಮಾಡ್ತಾರೆ. ಒನಕೆ ಓಬವ್ವನ ಕಿಂಡಿ ಮುಂದೆ ಒಂದು ಫೋಟೋ, ಗಾಡಿ ಸ್ಟಾರ್ಟ್. ಪಕ್ಕದಲ್ಲೇ ಚಂದ್ರವಳ್ಳಿ ಇದೆ, ಅಲ್ಲಿನ ಉತ್ಖನನದಲ್ಲಿ ಕಡಲಾಚೆಯ ರೋಮ್ ನಾಣ್ಯ ಸಿಕ್ಕಿವೆ ಅಂತ ಅವರಿಗೆ ಗೊತ್ತಿಲ್ಲ. ನಿಜ ಹೇಳ್ಬೇಕಂದ್ರೆ ನಮ್ಮ ಕ್ಲಾಸಲ್ಲೂ ಎಷ್ಟು ಜನಕ್ಕೆ ಗೊತ್ತಿದೆ?

ಭಾಗ 5 ಅಲ್ಲಿಂದಲೇ. ಭಾನುವಾರ ಬೆಳಗ್ಗೆ ಏಳಕ್ಕೆ ಹೋಗ್ತಿದೀನಿ, ಬರೋರು ಕಾಮೆಂಟ್ ಹಾಕಿ. ಮಂಡಕ್ಕಿ ನನ್ನದು, ಆದ್ರೆ ಕೋತಿಗಳಿಗೆ ಕೊಡಂಗಿಲ್ಲ.

#ದಾರಿಕಥೆ #ಆಗುಂಬೆ #ಮರವಂತೆ #ನಮ್ಮದುರ್ಗ